ಲ್ಯಾಮಿಂಗ್ಟನ್ ರೋಡ್ ಕೊಟೇಶನ್: 16 ಜಿಬಿ ರ‍್ಯಾಮ್ ಒಂದು ಈಗ, ಇನ್ನೊಂದು ಆಮೇಲೆ ಅಂದ್ರೆ ನಡೆಯುತ್ತಾ?

ಕುಂದಾಪ್ರ ಟು ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿ ಈಸ್ಟ್‌ನಲ್ಲಿ ಒಂದು ಉಡುಪಿ ಹೋಟೆಲಿನ ಕೌಂಟರ್‌ನಲ್ಲಿ ಕೂರುತ್ತೇನೆ. ಊರು ಕುಂದಾಪುರದ ಹತ್ತಿರ. ಹದಿನಾಲ್ಕು ತಿಂಗಳು ದುಡ್ಡು ಕೂಡಿಟ್ಟು ಮೊದಲ ಸಲ ಗೇಮಿಂಗ್ ಪಿಸಿ ಕಟ್ಟಲು ಹೊರಟಿದ್ದೇನೆ. ರಾತ್ರಿ ಶಟರ್ ಎಳೆದ ಮೇಲೆ ಊರಿನ ಮೂವರು ಗೆಳೆಯರ ಜೊತೆ ವ್ಯಾಲೊರೆಂಟ್ ಆಡಬೇಕು. ಅವರ ಮುಖ ನೋಡಿ ಎರಡು ವರ್ಷ ಆಯ್ತು. ಒಬ್ಬನೇ ಇದ್ದಾಗ ಸೈಬರ್‌ಪಂಕ್ 2077 ಆಡುವ ಆಸೆ ಇದೆ.

ಸೋಮವಾರ ನನ್ನ ರಜೆ. ಹೋದ ಸೋಮವಾರ ಮುಂಬಯಿಯ ಕಂಪ್ಯೂಟರ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಕೊಟೇಶನ್ ತಂದೆ. ರೈಜೆನ್ 5 7600 ಪ್ರೊಸೆಸರ್, ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇರುವ ಬಿ650 ಬೋರ್ಡ್, ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಎಸ್‌ಎಸ್‌ಡಿ, 240 ಎಂಎಂ ಲಿಕ್ವಿಡ್ ಕೂಲರ್, 650 ವ್ಯಾಟ್ ಎಸ್‌ಎಂಪಿಎಸ್, ಗಾಜಿನ ಕ್ಯಾಬಿನೆಟ್. ಇಲ್ಲಿಯವರೆಗೆ ಲೆಕ್ಕ ಸರಿ ಇತ್ತು. ರ‍್ಯಾಮ್ ರೇಟ್ ಕೇಳಿ ಕಂಗಾಲಾದೆ. ನನ್ನ ಗೆಳೆಯ 2025ರ ಬೇಸಿಗೆಯಲ್ಲಿ 32 ಜಿಬಿ ಕಿಟ್ ತಗೊಂಡಿದ್ದ. ಅದೇ ಕಿಟ್ ಈಗ ಎರಡು ಪಟ್ಟಿಗಿಂತ ಜಾಸ್ತಿ.

ಅಂಗಡಿಯವರು ಹೇಳಿದ್ದು: ಈಗ 16 ಜಿಬಿ ರ‍್ಯಾಮ್‌ನ ಒಂದೇ ಸ್ಟಿಕ್ (ಪಟ್ಟಿ) ಹಾಕ್ಸಿ, 5600 ಸ್ಪೀಡಿನದು ಸಾಕು, ಆರು ತಿಂಗಳು ಬಿಟ್ಟು ಇನ್ನೊಂದು ಸೇರಿಸಿ. ಡಿಡಿಆರ್5ರಲ್ಲಿ, ಅಂದರೆ ಈಗಿನ ಹೊಸ ತಲೆಮಾರಿನ ರ‍್ಯಾಮ್‌ನಲ್ಲಿ, ಒಂದೇ ಸ್ಟಿಕ್ ಹಾಕಿದರೂ ಡ್ಯುಯಲ್ ಚಾನೆಲ್ (ಎರಡು ದಾರಿ) ಆಗುತ್ತೆ ಅಂದರು. ಇದು ನಿಜವಾ? ಅಥವಾ 8 ಜಿಬಿಯ ಎರಡು ಹಾಕಲಾ? ಸಿಎಲ್30, ಸಿಎಲ್36 ಅಂತ ಬೇರೆ ಇದೆ, ಅದು ಏನೂ ಗೊತ್ತಾಗಲಿಲ್ಲ. ದೊಡ್ಡವರು ಸ್ವಲ್ಪ ಹೇಳಿ. ಈ ದುಡ್ಡು ಹೋದರೆ ಮತ್ತೆ ಕೂಡಿಡಲು ವರ್ಷ ಬೇಕು.

ಕಿಂಗ್ಸ್ ಸರ್ಕಲ್

ತಮ್ಮ, ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯ್ತು. ನಾನು ಮಾಟುಂಗಾದವನು. ಡಿಡಿಆರ್2 ಕಾಲದಿಂದ ಆ ರಸ್ತೆಯಲ್ಲಿ ಸಾಮಾನು ತಂದು ನೆಂಟರಿಷ್ಟರಿಗೆ ಪಿಸಿ ಕಟ್ಟಿಕೊಡುತ್ತಿದ್ದೇನೆ.

ಮೊದಲು ಆ ಡ್ಯುಯಲ್ ಚಾನೆಲ್ ಮಾತು. ಅದರಲ್ಲಿ ಅರ್ಧ ಮಾತ್ರ ನಿಜ. ನಿನಗೆ ಹೋಟೆಲ್ ಗೊತ್ತು, ಅದರಲ್ಲೇ ಹೇಳುತ್ತೇನೆ. ಅಡುಗೆಮನೆಯಿಂದ ಹೊರಗೆ ತಟ್ಟೆ ಕೊಡುವ ಕಿಂಡಿ ಇರುತ್ತಲ್ಲ, ಹಳೆಯ ಡಿಡಿಆರ್4ರಲ್ಲಿ ಒಂದು ಸ್ಟಿಕ್ ಅಂದರೆ 64 ಬಿಟ್ ಅಗಲದ ಒಂದು ಕಿಂಡಿ. ಡಿಡಿಆರ್5ರಲ್ಲಿ ಅದೇ ಕಿಂಡಿಯ ನಡುವೆ ಹಲಗೆ ಹೊಡೆದು 32 ಬಿಟ್‌ನ ಎರಡು ಮಾಡಿದ್ದಾರೆ. ಸಣ್ಣ ಸಣ್ಣ ಆರ್ಡರ್‌ಗೆ ಇದರಿಂದ ಅನುಕೂಲ ಇದೆ. ಆದರೆ ಒಟ್ಟು ಅಗಲ ಜಾಸ್ತಿ ಆಗಲಿಲ್ಲ. ಎರಡು ಸ್ಟಿಕ್ ಹಾಕಿದಾಗ ಮಾತ್ರ 128 ಬಿಟ್. 6000 ಸ್ಪೀಡಿನ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 48 ಜಿಬಿ ಸಾಗಿಸುತ್ತೆ, ಎರಡಾದರೆ 96. ಒಂದೇ ಸ್ಟಿಕ್‌ನಲ್ಲಿ ಗೇಮ್ ಓಡುವುದಿಲ್ಲ ಅಂತಲ್ಲ. ಜನಜಂಗುಳಿ ಇರುವ ದೃಶ್ಯದಲ್ಲಿ, ಕಾರಿನಲ್ಲಿ ಜೋರಾಗಿ ಹೋಗುವಾಗ, ಥಟ್ ಅಂತ ಒಂದು ಕ್ಷಣ ತಡೆಯುತ್ತೆ. ಸರಾಸರಿ ಎಫ್‌ಪಿಎಸ್ ನೋಡಿದರೆ ಅದು ಕಾಣುವುದಿಲ್ಲ. ಆಡುವವನ ಕೈಗೆ ಗೊತ್ತಾಗುತ್ತೆ.

8 ಜಿಬಿಯ ಎರಡು? ನನಗೆ ಮನಸ್ಸಿಲ್ಲ. ಡಿಡಿಆರ್5ರ 8 ಜಿಬಿ ಸ್ಟಿಕ್‌ನಲ್ಲಿ ಸಾಮಾನ್ಯವಾಗಿ ನಾಲ್ಕೇ ಚಿಪ್ ಇರುತ್ತೆ, ಡೇಟಾ ಇಡುವ ಒಳಗಿನ ವಿಭಾಗಗಳು, ಅಂದರೆ ಬ್ಯಾಂಕ್ ಗ್ರೂಪ್‌ಗಳೂ ಅರ್ಧ. ಹಾಗಾಗಿ 16ರ ಸ್ಟಿಕ್‌ಗಿಂತ ಸ್ವಲ್ಪ ನಿಧಾನ. ನಾಳೆ 32 ಬೇಕು ಅಂದಾಗ ಇನ್ನೆರಡು ಸೇರಿಸೋಣ ಅನ್ನಿಸುತ್ತೆ. ಅಲ್ಲೇ ತೊಂದರೆ. ನಿನ್ನ 7600ಕ್ಕೆ ಎರಡು ಸ್ಟಿಕ್ ಇದ್ದರೆ ಸ್ಪೀಡ್ 5200, ನಾಲ್ಕು ಇದ್ದರೆ 3600 ಅಂತ ಅದನ್ನು ಮಾಡಿದ ಎಎಂಡಿಯವರೇ ಬರೆದಿದ್ದಾರೆ. 6000ಕ್ಕೆ ಓಡಿಸುವುದು ಎಕ್ಸ್‌ಪೋ ಅನ್ನುವ ಬೋರ್ಡಿನ ಸೆಟ್ಟಿಂಗ್ ಹಾಕಿ, ಅಂದರೆ ಓವರ್‌ಕ್ಲಾಕ್, ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಓಡಿಸುವುದು. ಎರಡು ಸ್ಟಿಕ್ ಇದ್ದರೆ ಅದು ಸಲೀಸು, ನಾಲ್ಕಕ್ಕೆ ಯಾರೂ ಭರವಸೆ ಕೊಡಲ್ಲ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದೆ ಅಂತ ನಾಲ್ಕನ್ನೂ ತುಂಬುವ ಆಸೆ ಬೇಡ.

ಸಿಎಲ್ ಅಂದರೆ ಕೇಳಿದ್ದು ಬರಲು ಎಷ್ಟು ಸುತ್ತು ಕಾಯಬೇಕು ಅನ್ನುವ ಲೆಕ್ಕ. ಸಿಎಲ್ ಅನ್ನು 2000ದಿಂದ ಗುಣಿಸಿ ಸ್ಪೀಡಿನಿಂದ ಭಾಗಿಸು, ನ್ಯಾನೊಸೆಕೆಂಡ್ ಸಿಗುತ್ತೆ. 6000 ಸಿಎಲ್30 ಅಂದರೆ 10. ಸಿಎಲ್36 ಅಂದರೆ 12. 5600 ಸಿಎಲ್46 ಅಂದರೆ 16ಕ್ಕಿಂತ ಮೇಲೆ. ಅಂಗಡಿಯವರು ಹೇಳಿದ 5600ರ ಸ್ಟಿಕ್ ಎಷ್ಟು ಸಿಎಲ್ ಅಂತ ಪ್ಯಾಕೆಟ್ ನೋಡು. 30ಕ್ಕೂ 36ಕ್ಕೂ ರೇಟಿನಲ್ಲಿ ಬಹಳ ವ್ಯತ್ಯಾಸ ಇದ್ದರೆ 36 ತಗೋ, ನಿನ್ನ ಆಟಕ್ಕೆ ಏನೂ ಕೊರತೆ ಆಗಲ್ಲ.

ಈಗ ದುಡ್ಡಿನ ಮಾತು. ನಿನ್ನ ಕೊಟೇಶನ್‌ನಲ್ಲೇ ದುಡ್ಡು ಇದೆ! ರೈಜೆನ್ 5 7600 ಡಬ್ಬದಲ್ಲೇ ವ್ರೇತ್ ಸ್ಟೆಲ್ತ್ ಅನ್ನುವ ಕೂಲರ್ ಬರುತ್ತೆ. ಅದು 65 ವ್ಯಾಟ್ ಪ್ರೊಸೆಸರ್, ಅದಕ್ಕೆ 240 ಎಂಎಂ ಲಿಕ್ವಿಡ್ ಕೂಲರ್ ಯಾಕೆ? ತೆಗೆಸು. ಗಾಜಿನ ಕ್ಯಾಬಿನೆಟ್ ಬದಲು ಮುಂದೆ ಜಾಳಿಗೆ ಇರುವ ಸಾದಾ ಕ್ಯಾಬಿನೆಟ್ ಹಾಕ್ಸು, ಮುಂಬಯಿ ಸೆಕೆಗೆ ಅದೇ ಒಳ್ಳೆಯದು. ಲೈಟ್ ಹತ್ತುವ ರ‍್ಯಾಮ್ ಬೇಡ. ಇಷ್ಟರಲ್ಲಿ ಉಳಿದಿದ್ದನ್ನು 16ರ ಎರಡು ಸ್ಟಿಕ್‌ನ ಕಿಟ್‌ಗೆ ಹಾಕು.

ಬಿಜಾಪುರದಾಕಿ, ಪುಣೆ

ಕಿಂಗ್ಸ್ ಸರ್ಕಲ್ ಅಣ್ಣ ಹೇಳಿದ್ದು ಸರಿ. "ಇನ್ನೊಂದು ಆಮೇಲೆ" ಅನ್ನೋದನ್ನ ನಾನು ಮಾಡಿ ಅನುಭವಿಸಿದ್ದೇನೆ, ಅದಕ್ಕೇ ಬರೀತಿದ್ದೇನೆ.

ಇಲ್ಲಿ ತಪಕೀರ್ ಗಲ್ಲಿಯಲ್ಲಿ 16 ಜಿಬಿಯ ಒಂದು ಸ್ಟಿಕ್ ತಗೊಂಡೆ. ಎಂಟು ತಿಂಗಳು ಚಂದ ನಡೆಯಿತು. ಬೋನಸ್ ಬಂದಾಗ ಇನ್ನೊಂದು ತಂದೆ. ಅದೇ ಕಂಪನಿ, ಅದೇ ಮಾಡೆಲ್, ಪ್ಯಾಕೆಟ್ ಕೂಡ ಅದೇ ಬಣ್ಣ. ಒಳಗಿನ ಚಿಪ್ ಮಾತ್ರ ಬೇರೆ ಕಡೆಯದು! ಚಿಪ್ ಮಾಡುವವರು ಮುಖ್ಯವಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಸ್ಟಿಕ್ ಮಾರುವ ಕಂಪನಿಗಳು ಸಿಕ್ಕಿದ್ದನ್ನು ಹಾಕುತ್ತವೆ, ಪ್ಯಾಕೆಟ್ ಮೇಲೆ ಅದನ್ನು ಬರೆಯುವುದಿಲ್ಲ.

ಎಕ್ಸ್‌ಪೋ ಹಾಕಿದರೆ ಒಮ್ಮೊಮ್ಮೆ ಶುರು ಆಗುತ್ತಿರಲಿಲ್ಲ. ಶುರು ಆದರೆ ಗೇಮ್ ನಡುವೆ ಮುಚ್ಚಿಕೊಂಡು ಡೆಸ್ಕ್‌ಟಾಪ್ ಬರುತ್ತಿತ್ತು. ಜಿಪ್ ಫೈಲ್ ಬಿಚ್ಚಿದರೆ ಕೆಟ್ಟಿದೆ ಅನ್ನೋದು. ನಾನು ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಪಟ್ಟೆ. ವಿಂಡೋಸ್ ಮೂರು ಸಲ ಹಾಕಿದೆ. ಒಂದು ದಿನ ಅಪ್ಪನ ಹಳೆಯ ಫೋಟೋಗಳ ಫೋಲ್ಡರ್ ಕಾಪಿ ಮಾಡಿದೆ, ಅದರಲ್ಲಿ ಏಳು ಫೋಟೋ ಅರ್ಧ ಬೂದು ಆಗಿದ್ದವು. ಆ ದಿನ ಅತ್ತೆ. ಇನ್ನೊಂದು ಪ್ರತಿ ಅಣ್ಣನ ಹತ್ತಿರ ಇತ್ತು, ಉಳಿದವು.

ಕೊನೆಗೆ ಒಬ್ಬರು, ರ‍್ಯಾಮ್ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್86 ಓಡಿಸು ಅಂದರು. ಪೆನ್ ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು, ವಿಂಡೋಸ್ ಬೇಕಿಲ್ಲ. ಹತ್ತು ನಿಮಿಷದಲ್ಲಿ ಕೆಂಪು ಸಾಲು ಬಂತು. ಒಂದೊಂದೇ ಸ್ಟಿಕ್ ಹಾಕಿ ನೋಡಿದರೆ ಎರಡೂ ಪಾಸ್. ಜೊತೆಗೆ ಹಾಕಿದರೆ ಮಾತ್ರ ತಪ್ಪು. ಅಂಗಡಿಯಲ್ಲಿ ವಾಪಸ್ ತಗೊಳ್ಳಲಿಲ್ಲ, ಎರಡೂ ಒಳ್ಳೆಯವೇ ಅಲ್ಲವೇ ಅಂದರು. ಇದಕ್ಕೆ ವಾರಂಟಿ ಕೂಡ ನೆರವಿಗೆ ಬರಲ್ಲ ನೋಡ್ರಿ. ಎರಡನ್ನೂ ಕಡಿಮೆ ಬೆಲೆಗೆ ಮಾರಿ ಕಿಟ್ ತಗೊಂಡೆ.

ಕಿಟ್ ಅಂದರೆ ಒಂದೇ ಪ್ಯಾಕೆಟ್‌ನಲ್ಲಿ ಎರಡು, ಜೋಡಿಯಾಗಿ ಪರೀಕ್ಷೆ ಆಗಿ ಬಂದಿರುತ್ತವೆ. ಬಿಡಿ ಬಿಡಿ ಎರಡು ಪ್ಯಾಕೆಟ್ ಕೊಟ್ಟು ಅದೇ ಕಿಟ್ ಅಂದರೆ ಬೇಡ ಅನ್ರಿ. ತಂದ ರಾತ್ರಿಯೇ ಮೆಮ್‌ಟೆಸ್ಟ್ ಹಾಕಿ ಮಲಗಿ.

ವಾಸ್ಕೋ ಕನ್ನಡಿಗ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಒಂದು ಸ್ಟಿಕ್ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ. ನಾನು ವಾಸ್ಕೋದಲ್ಲಿ ಒಂದು ವರ್ಷ ಒಂದೇ ಸ್ಟಿಕ್‌ನಲ್ಲಿ ವ್ಯಾಲೊರೆಂಟ್ ಆಡಿದೆ, ಖುಷಿಯಾಗಿಯೇ ಆಡಿದೆ. ವ್ಯಾಲೊರೆಂಟ್‌ಗೆ ಅವರು ಕೇಳುವುದು 4 ಜಿಬಿ. ಸೈಬರ್‌ಪಂಕ್‌ಗೆ 16 ಇದ್ದರೆ ಸಾಕು, ಬೆಳಕು ನೆರಳನ್ನು ನಿಜದ ಹಾಗೆ ತೋರಿಸುವ ರೇ ಟ್ರೇಸಿಂಗ್ ಹಾಕಿದರೆ ಮಾತ್ರ ಜಾಸ್ತಿ. ದುಡ್ಡು ನಿಜವಾಗಿಯೂ ಇಲ್ಲ ಅಂದರೆ ಒಂದು ತಗೊಳ್ಳಿ, ಮುಂದೆ ಅದನ್ನು ಮಾರಿ ಕಿಟ್ ತಗೊಳ್ಳಿ. ಅಕ್ಕನ ಹಾಗೆ ಜೋಡಿ ಮಾಡಬೇಡಿ, ಅಷ್ಟೇ. ಅಥವಾ ರೈಜೆನ್ 5 5600 ಅನ್ನುವ ಹಳೆಯ ಪ್ರೊಸೆಸರ್ ಮತ್ತು ಡಿಡಿಆರ್4 3200ರ ಎರಡು ಸ್ಟಿಕ್, ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ.

ಸೆಕೆಂಡ್ ಹ್ಯಾಂಡ್ ತಂದರೆ ಸ್ಟಿಕ್‌ನ ಚಿನ್ನದ ಬಣ್ಣದ ಕಾಲುಗಳನ್ನು ನೋಡಿ. ಇಲ್ಲಿ ಸಮುದ್ರದ ಗಾಳಿಗೆ ಅದರ ಮೇಲೆ ಕಲೆ ಕೂರುತ್ತೆ, ನಿಮ್ಮಲ್ಲೂ ಮಳೆಗಾಲದಲ್ಲಿ ಹಾಗೆಯೇ ಇರಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು.

ಕಿಂಗ್ಸ್ ಸರ್ಕಲ್

ವಾಸ್ಕೋದವರ ಮಾತು ಒಪ್ಪುತ್ತೇನೆ, ಒಂದು ಬಿಟ್ಟು. ಡಿಡಿಆರ್4 ರೇಟೂ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯ ಕಡೆ ಕಾರ್ಖಾನೆಗಳು ತಿರುಗಿವೆ, ನಮ್ಮಂಥವರಿಗೆ ಉಳಿಯುವುದು ಕಡಿಮೆ. ಕ್ರೂಶಿಯಲ್ ಹೆಸರಿನಲ್ಲಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹುಡುಗ ಆರಿಸಿದ ಬಿ650ಯಂಥ ಎಎಂ5 ಬೋರ್ಡ್ ಆದರೆ 2027 ದಾಟಿಯೂ ಹೊಸ ಪ್ರೊಸೆಸರ್ ಬರುತ್ತೆ ಅಂತ ಎಎಂಡಿ ಮಾತು ಕೊಟ್ಟಿದೆ. ಹುಡುಗ ಮತ್ತೆ ಬೋರ್ಡ್ ಬದಲಿಸುವ ಹಾಗೆ ಆಗಬಾರದು.

ತಮ್ಮ, ಎರಡು ವಿಷಯ ನೆನಪಿಡು. ಸ್ಟಿಕ್‌ಗಳನ್ನು ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕು. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಕಪ್ಪಾಗಿಯೇ ಇರುತ್ತೆ. ಬೋರ್ಡ್ ಆ ರ‍್ಯಾಮ್ ಜೊತೆ ಹೊಂದಿಕೊಳ್ಳುತ್ತಿರುತ್ತೆ, ಕೆಲವು ನಿಮಿಷ ಬೇಕು. ಹೆದರಿ ಸ್ವಿಚ್ ಆಫ್ ಮಾಡಬೇಡ.

ಕುಂದಾಪ್ರ ಟು ಡೊಂಬಿವಲಿ

ಅಣ್ಣ, ಅಕ್ಕ, ಎಲ್ಲರಿಗೂ ಥ್ಯಾಂಕ್ಸ್. ತಂದೆ, ಕಟ್ಟಿದೆ, ಆಡಿದೆ!

ಲಿಕ್ವಿಡ್ ಕೂಲರ್ ತೆಗೀರಿ ಅಂದಾಗ ಅಂಗಡಿಯವರು ಮೊದಲು ಒಪ್ಪಲಿಲ್ಲ. 7600ರ ಡಬ್ಬ ತೋರಿಸಿ ಅಂದೆ, ಕೂಲರ್ ಚಿತ್ರ ಅದರ ಮೇಲೇ ಇತ್ತು. ಕ್ಯಾಬಿನೆಟ್ ಕೂಡ ಬದಲಿಸಿದೆ. ಉಳಿದಿದ್ದಕ್ಕೆ ಇನ್ನು ಸ್ವಲ್ಪ ಸೇರಿಸಿ 32 ಜಿಬಿ ಕಿಟ್, 6000 ಸಿಎಲ್36 ತಗೊಂಡೆ. ಸೀಲ್ ಒಡೆದಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಗ್ರ್ಯಾಂಟ್ ರೋಡ್‌ನಲ್ಲಿ ಸ್ಲೋ ಲೋಕಲ್ ರೈಲು ಹತ್ತಿ, ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ ಸೆಂಟ್ರಲ್ ಲೈನ್‌ಗೆ ಬಂದೆ. ಜೊತೆಗೆ ಬಂದಿದ್ದ ಮಾವ ಕ್ಯಾಬಿನೆಟ್ ಹಿಡಿದರು. ಬೋರ್ಡ್ ಮತ್ತು ರ‍್ಯಾಮ್ ಇದ್ದ ಚೀಲವನ್ನು ನಾನು ಎದೆಗೆ ಒತ್ತಿಕೊಂಡೇ ನಿಂತಿದ್ದೆ.

ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪು. ಬೋರ್ಡಿನ ಮೇಲೆ ಡಿರ‍್ಯಾಮ್ ಅಂತ ಬರೆದ ಕಡೆ ಲೈಟ್ ಹತ್ತಿತ್ತು. ಕಿಂಗ್ಸ್ ಸರ್ಕಲ್ ಅಣ್ಣ ಹೇಳದಿದ್ದರೆ ಖಂಡಿತ ಆಫ್ ಮಾಡುತ್ತಿದ್ದೆ. ಗಡಿಯಾರ ನೋಡುತ್ತಾ ಕೂತೆ. ಆರು ನಿಮಿಷಕ್ಕೆ ಬಯೋಸ್, ಅಂದರೆ ಬೋರ್ಡಿನ ಸೆಟ್ಟಿಂಗ್ ಸ್ಕ್ರೀನ್, ಬಂತು. ವಿಂಡೋಸ್ ಹಾಕಿದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಪೀಡ್ 4800 ಅಂತ ಇತ್ತು. ಬಯೋಸ್‌ಗೆ ಹೋಗಿ ಎಕ್ಸ್‌ಪೋ ಆನ್ ಮಾಡಿದೆ, 6000 ಆಯ್ತು. ರಾತ್ರಿ ಮೆಮ್‌ಟೆಸ್ಟ್ ಹಾಕಿ ಮಲಗಿದೆ. ಬೆಳಿಗ್ಗೆ ನಾಲ್ಕು ಸುತ್ತು ಮುಗಿದಿತ್ತು, ತಪ್ಪು ಸೊನ್ನೆ.

ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿದ ಕೂಡಲೇ ಊರಿನಿಂದ ಮೊದಲ ಮಾತು, "ಹ್ವಾಯ್, ಎಲ್ಲ್ ಹೋಯಿದ್ದೆ ಮಾರಾಯಾ ಇಷ್ಟ್ ದಿನ?" ಮೂರು ಗಂಟೆಯವರೆಗೆ ಆಡಿದೆವು. ಒಂದು ಸಲವೂ ತಡೆಯಲಿಲ್ಲ.

ಕಿಂಗ್ಸ್ ಸರ್ಕಲ್

ಬಹಳ ಸಂತೋಷ ತಮ್ಮ. ಬಿಲ್‌ನಲ್ಲಿ ರ‍್ಯಾಮ್‌ನ ಸೀರಿಯಲ್ ನಂಬರ್ ಬರೆದಿದ್ದಾರಾ ನೋಡು, ಇಲ್ಲದಿದ್ದರೆ ಮುಂದಿನ ಸೋಮವಾರ ಹೋಗಿ ಬರೆಸಿಕೊಂಡು ಬಾ. ಬಿಲ್‌ನ ಫೋಟೋ ತೆಗೆದಿಡು. ಆ ಕಾಗದದ ಅಕ್ಷರ ವರ್ಷದೊಳಗೆ ಮಾಸಿ ಹೋಗುತ್ತೆ, ವಾರಂಟಿ ಅದಕ್ಕಿಂತ ಬಹಳ ದಿನ ಇರುತ್ತೆ.