ತಾಳವಾಡಿ ಚಳಿಗೆ ಟ್ರ್ಯಾಕ್ಟರಿಗೆ ಕೂಲೆಂಟ್ ಹೀಟರ್ ಹಾಕಿಸ್ಬೋದಾ?

ರಾಗಿಹೊಲ_ತಾಳವಾಡಿ

ಅಣ್ಣಂದಿರೇ, ನಮ್ದು ಈರೋಡು ಜಿಲ್ಲೆ ತಾಳವಾಡಿ. 3 ಸಿಲಿಂಡರ್ ಗಾಡಿ, ಅಪ್ಪ ತಗಂಡು 11 ವರ್ಷ ಆಯ್ತು. ಡಿಸೆಂಬರ್ ಹುಟ್ಟಿದ್ರೆ ಸಾಕು, ಬೆಳಗಿನ ಜಾವ ಹಠ ಹಿಡೀತದೆ. ನಿನ್ನೆ 5 ಗಂಟೆಗೆ ಫೋನು 12 ಡಿಗ್ರಿ ತೋರಿಸ್ತಿತ್ತು. ಸೆಲ್ಫ್ ಹೊಡೆದ್ರೆ ಮುದುಕ ಗೊರಕೆ ಹೊಡ್ದಂಗೆ ನಿಧಾನಕ್ಕೆ ತಿರುಗ್ತದೆ, ಬಿಳಿ ಹೊಗೆ ಬತ್ತದೆ, ಹಿಡಿಯಲ್ಲ. ಅಪ್ಪ ದಿನಾ ಸಂಜೆ ಕೆರೆ ಏರಿ ಇಳಿಜಾರಲ್ಲಿ ನಿಲ್ಸಿ ಬತ್ತಾರೆ, ಬೆಳಿಗ್ಗೆ ಉರುಳಿಸಿ ಗೇರಿಗೆ ಬಿಡಾಕೆ. ಅದೂ ಆಗ್ದಿದ್ರೆ ಅವ್ವನ ಹಂಡೆ ನೀರು ರೇಡಿಯೇಟರಿಗೆ. ಸ್ನಾನ ಟ್ರ್ಯಾಕ್ಟರಿಗೇ ಆಯ್ತು ಅಂತ ಬೈಗುಳ ಬೇರೆ.

ಉಳುಮೆ ಆದ್ರೆ ಬಿಸಿಲು ಬರೋತನಕ ಕಾಯ್ಬೋದು. ಆನೆ ಕಾಯಲ್ಲ. ಕಾಡಿನ ಅಂಚು ನಮ್ದು. 3 ಗಂಟೆಗೆ ರಾಗಿ ಮೆದೆಗೆ ಬಂದ್ರೆ ನಮಗಿರೋದು ಟ್ರ್ಯಾಕ್ಟರ್ ಸದ್ದು, ಅದರ ಲೈಟು ಎರಡೇ. ಇಂಜಿನ್ ತಣ್ಣಗಿಡೋ ನೀರು, ಅದೇ ಕೂಲೆಂಟ್, ಬೆಚ್ಚಗಿರ್ಲಿ ಅಂತ ಹೀಟರ್ ಹಾಕಿ, ಕೆನಡಾದವ್ರು ರಾತ್ರಿ ಟ್ರ್ಯಾಕ್ಟರನ್ನ ಫೋನ್ ಚಾರ್ಜಿಗೆ ಇಟ್ಟಂಗೆ ಕರೆಂಟಿಗೆ ಸಿಗ್ಸಿ ಮಲಗೋ ವಿಡಿಯೋ ನೋಡ್ದೆ. ನಮಗೂ ಆಯ್ತದಾ?

ಮಾಜಿಫೌಜಿ_ಡೆಂಕಣಿಕೋಟೆ

ತಮ್ಮಾ, ನಾನು ಸೈನ್ಯದಲ್ಲಿ ಗಾಡಿ ರಿಪೇರಿ ಮಾಡ್ತಿದ್ದೆ, ಲೇಹ್‌ನಲ್ಲೂ ಇದ್ದೆ. ಅಲ್ಲಿ ಮೈನಸ್ 20. ನಿನ್ನದು 12. ಸರಿಯಾಗಿರೋ ಡೀಸೆಲ್ ಇಂಜಿನ್ 12 ಡಿಗ್ರಿಗೆ ಅಳಬಾರದು.

ಬಿಳಿ ಹೊಗೆ ಅಂದ್ರೆ ಡೀಸೆಲ್ ಒಳಗೆ ಬರ್ತಿದೆ, ಆದರೆ ಉರೀತಿಲ್ಲ. ಡೀಸೆಲ್‌ಗೆ ಬೆಂಕಿ ಹಚ್ಚೋದು ಗಾಳಿನ ಅದುಮಿದಾಗ ಹುಟ್ಟೋ ಶಾಖ. ಇಂಜಿನ್ ನಿಧಾನ ತಿರುಗಿದ್ರೆ ಆ ಶಾಖನೆಲ್ಲ ತಣ್ಣಗಿರೋ ಗೋಡೆ ಕುಡಿದುಬಿಡುತ್ತೆ, ಪಿಸ್ಟನ್ ಸಂದಿಲಿ ಗಾಳಿನೂ ಸೋರುತ್ತೆ. ನೀನೇ ಬರೆದಿದ್ದೀಯ, ನಿಧಾನಕ್ಕೆ ತಿರುಗುತ್ತೆ ಅಂತ. ಅಲ್ಲಿಂದ ಶುರು ಮಾಡು.

ಮಲ್ಟಿಮೀಟರನ್ನ ಬ್ಯಾಟರಿಗೆ ಹಿಡಿದು ಸೆಲ್ಫ್ ಹೊಡೆಸು. 9.6 ವೋಲ್ಟಿಗಿಂತ ಕೆಳಗೆ ಇಳಿದ್ರೆ ಬ್ಯಾಟರಿ ಮೇಲೆ ಅನುಮಾನ. ಇಳೀಲಿಲ್ಲ ಅಂದ್ರೆ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬರೀ ಕಬ್ಬಿಣಕ್ಕೆ. ಸೆಲ್ಫ್ ಹೊಡೆದಾಗ ಅರ್ಧ ವೋಲ್ಟ್ ದಾಟಿದ್ರೆ ಅರ್ತ್ ವೈರ್ ಕೆಟ್ಟಿದೆ. ಮೀಟರ್ ಇಡೋ ಮುಂಚೆ ಯಾರ ಮಾತಿಗೂ ಹೊಸ ಬ್ಯಾಟರಿ ತರಬೇಡ.

ಇನ್ನೊಂದು. ಹೀಟರ್‌ಗೆ ಎರಡು ಮೂರು ಗಂಟೆ ಟೈಮು ಬೇಕು. ಆನೆ ಮುಂಚೆ ಹೇಳಿ ಬರುತ್ತಾ?

ಕುಂಬಳೆ_ಅಡಿಕೆ

12 ಡಿಗ್ರಿಯಾ ಮಾರಾಯ್ರೇ! ಇಲ್ಲಿ ಕಾಸರಗೋಡಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ಬೇಕು. ಟಿಲ್ಲರ್ ಮಾತ್ರ ಮಳೆಗಾಲದಲ್ಲಿ ಹಠ ಮಾಡ್ತದೆ, ಅದು ಬೇರೆ ಕಥೆ.

ಊಟಿ_ಕ್ಯಾರೆಟ್

ಫೌಜಿ ಅಣ್ಣ ಹೇಳಿದ್ದು ಸರಿ, ಆದ್ರೆ ಹೀಟರ್ ದಂಡ ಅನ್ನಲಾರೆ. ನಮ್ಮ ತೋಟ ತಗ್ಗಲ್ಲಿದೆ, ಜನವರಿಲಿ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತಿರುತ್ತೆ. ಹೋದ ವರ್ಷ 400 ವ್ಯಾಟಿಂದು ಹಾಕಿಸ್ದೆ. ಎರಡು ತರ ಸಿಗುತ್ತೆ. ಒಂದು ರೇಡಿಯೇಟರ್ ಕೆಳಗಿನ ಹೋಸ್ ಕತ್ತರಿಸಿ ಮಧ್ಯೆ ಕೂರಿಸೋದು, ಸುಲಭ. ನಂದು ಬ್ಲಾಕಿನ ಪಕ್ಕ ಇರೋ ಬಿಲ್ಲೆ, ಅದೇ ವೆಲ್ಚ್ ಪ್ಲಗ್, ಅದನ್ನ ಕಿತ್ತು ಆ ತೂತಲ್ಲಿ ಕೂರಿಸಿದ್ದು.

ನೀರು ಪೂರ್ತಿ ಇಳಿಸಿ. ಬಿಲ್ಲೆಯ ಒಂದು ಅಂಚಿಗೆ ಉಳಿ ಇಟ್ಟು ಹೊಡೆದ್ರೆ ಅಡ್ಡ ತಿರುಗುತ್ತೆ, ಇಕ್ಕಳದಲ್ಲಿ ಎಳೀಬೇಕು. ಒಳಗೆ ದೂಡಿದ್ರೋ, ಕೆಟ್ರಿ. ತೂತಿನ ಅಂಚಿನ ತುಕ್ಕು ಎಮರಿ ಕಾಗದದಲ್ಲಿ ಉಜ್ಜಿ, ಹೀಟರಿನ ರಬ್ಬರ್ ರಿಂಗಿಗೆ ಕೂಲೆಂಟ್ ಸವರಿ ಕೂರಿಸಿ. ಒಳಗಿನ ಕಾಯಿಲ್ ಸಿಲಿಂಡರ್ ಗೋಡೆಗೆ ತಾಗಬಾರದು. ನಮ್ಮ ಮೇಸ್ತ್ರಿ ಮೂರು ಸಲ ತಿರುಗಿಸಿ ನೋಡಿದ. ಆಮೇಲೆ ಕೂಲೆಂಟ್ ತುಂಬಿ, ಇಂಜಿನ್ ಓಡಿಸಿ ಗಾಳಿ ಹೊರಗೆ ಹೋದ ಮೇಲೇ ಪ್ಲಗ್ಗು. ಒಣಗಿದ ಕಾಯಿಲ್‌ಗೆ ಕರೆಂಟು ಕೊಟ್ರೆ ಕ್ಷಣದಲ್ಲಿ ಸುಟ್ಟು ಹೋಗುತ್ತೆ.

ಥರ್ಮೋಸ್ಟಾಟ್, ಅಂದ್ರೆ ಇಂಜಿನ್ ಬಿಸಿಯಾಗೋತನಕ ನೀರನ್ನ ರೇಡಿಯೇಟರಿಗೆ ಬಿಡದ ಕವಾಟ, ಇದೆಯಾ ನೋಡಿ. ಇಂಜಿನ್ ಕಾಯುತ್ತೆ ಅಂತ ಮೆಕ್ಯಾನಿಕ್‌ಗಳು ಕಿತ್ತು ಬಿಸಾಕಿರ್ತಾರೆ. ಅದಿಲ್ದಿದ್ರೆ ನೀವು ಕಾಯಿಸಿದ ನೀರು ರೇಡಿಯೇಟರಿಗೆ ಹೋಗಿ ಆರಿಕೊಂಡು ಕೂತಿರುತ್ತೆ.

ಮೂರು ಪಿನ್ನು, ಅರ್ತ್, ಕರೆಂಟು ಸೋರಿದ್ರೆ ತಾನೇ ಆಫ್ ಆಗೋ 30 ಮಿಲಿಆಂಪ್ ಟ್ರಿಪ್ ಸ್ವಿಚ್ಚು ಕಡ್ಡಾಯ, ಮಂಜಿಗೆ ಒದ್ದೆಯಾದ ಕಬ್ಬಿಣ ಮುಟ್ಟೋದು ನೀವೇ. ಪಂಪ್‌ಸೆಟ್ಟಿನ ಉಚಿತ ಲೈನಿಂದ ಎಳೀಬೇಡಿ, ಸಿಕ್ಕಿಬಿದ್ರೆ ಕಷ್ಟ. 3 ಗಂಟೆ ಹೊತ್ತು ಹಾಕಿದ್ರೆ 1.2 ಯೂನಿಟ್, ಮನೆ ಲೈನಲ್ಲೇ ಆಗುತ್ತೆ.

ರಾಗಿಹೊಲ_ತಾಳವಾಡಿ

ಫೌಜಿ ಅಣ್ಣ, ಮೀಟರ್ ಇಟ್ಟೆ. ಬ್ಯಾಟರಿ 10.4ರಲ್ಲಿ ನಿಲ್ತು. ಅರ್ತ್ ಕಡೆ 1.7! ಬಿಚ್ಚಿದ್ರೆ ಬೋಲ್ಟಿನ ಕೆಳಗೆ ಪೈಂಟು, ಅದರ ಕೆಳಗೆ ತುಕ್ಕು. ಎರಡು ವರ್ಷದ ಹಿಂದೆ ಗಾಡಿಗೆ ಬಣ್ಣ ಹೊಡೆಸಿದ್ದು ನಾನೇ, ಅಪ್ಪನ ಮುಂದೆ ಬಾಯಿ ಬಿಡ್ಲಿಲ್ಲ. ಉಜ್ಜಿ ದಪ್ಪ ವೈರ್ ಹಾಕ್ದೆ, ಇವತ್ತು ಮೂರನೇ ಸಲಕ್ಕೆ ಹಿಡೀತು. ಕೆರೆ ಏರಿಗೆ ಹೋಗೋದು ನಿಂತದೆ.

ಥರ್ಮೋಸ್ಟಾಟ್ ಇಲ್ಲ ಅಣ್ಣ, ಊಟಿ ಅಣ್ಣ ಹೇಳ್ದಂಗೇ ಬರೀ ಡಬ್ಬಿ. ಹೊಸದು ಹಾಕೋಣ ಅಂತ ನೀರು ಇಳ್ಸಕ್ಕೆ ಹೋದ್ರೆ ಬ್ಲಾಕಿನ ಡ್ರೈನ್ ಕಾಕಲ್ಲಿ ಒಂದು ತೊಟ್ಟೂ ಬರ್ಲಿಲ್ಲ. ತಂತಿ ಹಾಕಿ ಕೆದಕಿದ್ರೆ ಅರ್ಧ ಬಕೆಟ್ ಕೆಂಪು ಬಗ್ಗಡ. 11 ವರ್ಷ ಬೋರ್ ನೀರೇ ಹೊಯ್ದಿದ್ದೀವಿ. ಹೀಟರ್ ಆಮೇಲೆ ನೋಡ್ಕಂತೀನಿ, ಮೊದ್ಲು ಇದನ್ನ ತೊಳೀಬೇಕು. ಕಾಕ್ ಕೈಗೇ ಮುರ್ಕಂಡು ಬಂತು, ಚೂರು ಒಳಗೇ ಉಳಿದದೆ. ಅದನ್ನ ತೂತಿನ ಥ್ರೆಡ್ ಕೆಡದಂಗೆ ತೆಗೆಯೋದು ಹೆಂಗೆ?