ಚಳಿಗಾಲದ ಆಸ್ಟ್ರಿಯಾ: ಅಮ್ಮನಿಗೆ ಹಿಮ ತೋರಿಸಬೇಕು, ಯಾವ ಊರು ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ತಿಪಟೂರು ಮೇಷ್ಟ್ರು (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವನು, ಈಗ ಇರೋದು ತುಮಕೂರಿನ ಶಿರಾ ಗೇಟ್ ಹತ್ತಿರ. ಪಿಯು ಕಾಲೇಜಿನಲ್ಲಿ ಭೂಗೋಳ ಹೇಳಿಕೊಡ್ತೀನಿ. ಇಪ್ಪತ್ತು ವರ್ಷದಿಂದ ಆಲ್ಪ್ಸ್ ಪರ್ವತವನ್ನ ಬೋರ್ಡಿನ ಮೇಲೆ ಬರೆದಿದ್ದೀನಿ, ಒಂದು ಹಿಡಿ ಹಿಮ ಮುಟ್ಟಿ ನೋಡಿಲ್ಲ.

ಹೋಗೋದು ನಾಲ್ಕು ಜನ. ನಾನು, ನನ್ನ ಹೆಂಡತಿ, ಆರನೇ ಕ್ಲಾಸಿನ ಮಗಳು, ಅಮ್ಮ. ಅಮ್ಮನಿಗೆ ಅರವತ್ತೊಂಬತ್ತು. ಮಂಡಿ ನೋವಿದೆ. ಹೋದ ವರ್ಷ ದೇವರಾಯನದುರ್ಗದಲ್ಲಿ ಮೇಲಿನ ಗುಡಿಗೆ ಹತ್ತುವಾಗ ಮೂರು ಕಡೆ ಕೂತು ಎದ್ದು ಹತ್ತಿದರು, ಆದರೆ ಹತ್ತಿದರು. ಮೊಟ್ಟೆಯನ್ನೂ ಮುಟ್ಟೋದಿಲ್ಲ.

ಆಸ್ಟ್ರಿಯಾ ಯಾಕೆ ಅಂದ್ರೆ, ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಗುಬ್ಬಿ, ನಿಟ್ಟೂರು, ತಿಪಟೂರು ಈ ಸಾಲಿನಲ್ಲೇ ಹಳಿ ನೋಡ್ಕೊಂಡು ಸರ್ವೀಸ್ ಮುಗಿಸಿದರು. ಯಾವುದೋ ಹಳೇ ಕ್ಯಾಲೆಂಡರಿನಿಂದ ಒಂದು ಚಿತ್ರ ಕತ್ತರಿಸಿ ಮನೆಯ ಕಬ್ಬಿಣದ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದರು. ಸುತ್ತ ಹಿಮದ ಬೆಟ್ಟ, ನಡುವೆ ಬಿಲ್ಲಿನ ಹಾಗೆ ಬಾಗಿದ ಕಲ್ಲಿನ ಸೇತುವೆ, ಒಂದರ ಮೇಲೊಂದು ಎರಡು ಸಾಲು ಕಮಾನು, ಮೇಲೆ ರೈಲು. ಕೆಳಗೆ ಆಸ್ಟ್ರಿಯಾ ಅನ್ನೋದೊಂದು ಕಾಣುತ್ತೆ, ಊರಿನ ಹೆಸರು ಅಂಟಿನಲ್ಲಿ ಅಳಿಸಿಹೋಗಿದೆ. ಅಪ್ಪ ಹೋಗಿ ಆರು ವರ್ಷ ಆಯ್ತು. ಈ ದೀಪಾವಳಿಗೆ ಅಮ್ಮ ರೇಷ್ಮೆ ಸೀರೆ ತೆಗೆಯೋಕೆ ಟ್ರಂಕು ತೆರೆದವರು ಹಾಗೇ ನಿಂತು, ‘ಆ ರೈಲು ಹೋಗೋ ಊರು ನಿಜವಾಗ್ಲೂ ಅಷ್ಟು ಬೆಳ್ಳಗಿರುತ್ತೇನೋ?’ ಅಂತ ಕೇಳಿದರು. ಅವತ್ತೇ ತೀರ್ಮಾನ ಮಾಡಿದೆ. ನಾಲ್ಕು ವರ್ಷ ಕೊಬ್ಬರಿ ಮಾರಿ ಎತ್ತಿಟ್ಟ ದುಡ್ಡಿದೆ. ಎಲ್ಲಾ ಸೇರಿ ಒಂಬತ್ತು ಲಕ್ಷ ದಾಟಬಾರದು.

ಏಜೆಂಟರು ಒಂಬತ್ತು ದಿನಕ್ಕೆ ಐದು ಊರು ಹಾಕಿಕೊಟ್ಟಿದ್ದಾರೆ: ವಿಯೆನ್ನಾ, ಗ್ರಾಝ್, ಹಾಲ್‌ಸ್ಟಾಟ್, ಸಾಲ್ಜ್‌ಬರ್ಗ್, ಇನ್ಸ್‌ಬ್ರುಕ್. ದಿನಾ ಪೆಟ್ಟಿಗೆ ಕಟ್ಟೋದು, ಬಿಚ್ಚೋದು. ನನಗೆ ಇದು ಸರಿ ಕಾಣ್ತಿಲ್ಲ. ಅಲ್ಲಿದ್ದು ಬಂದವರು ಯಾವ ಊರು ಉಳಿಸಿಕೊಳ್ಳಬೇಕು ಹೇಳಿ. ಡಿಸೆಂಬರ್ ಒಳ್ಳೆಯದೋ ಜನವರಿಯೋ? ಅಮ್ಮನ ಊಟಕ್ಕೆ ಏನು ದಾರಿ? ಟ್ರಂಕಿನ ಚಿತ್ರದ ಫೋಟೋನೂ ಹಾಕಿದ್ದೀನಿ, ಯಾರಿಗಾದರೂ ಜಾಗ ಗೊತ್ತಾದರೆ ತಿಳಿಸಿ.

ಚಿಂತಾಮಣಿ ಹುಡುಗ (ಈಗ ಮ್ಯೂನಿಕ್)

ಮೇಷ್ಟ್ರೇ, ನನ್ನ ಮಾತು ಕೇಳಿದ್ರೆ ಡಿಸೆಂಬರ್ ಬಿಡಬೇಡಿ. ಕ್ರಿಸ್‌ಮಸ್ ಸಂತೆ ನೋಡದೆ ಆಸ್ಟ್ರಿಯಾದ ಚಳಿಗಾಲ ನೋಡಿದ ಹಾಗೇ ಅಲ್ಲ. ವಿಯೆನ್ನಾದಲ್ಲಿ ನಗರಸಭೆಯ ಮುಂದಿನ ಮೈದಾನದಲ್ಲಿ ನವೆಂಬರ್ ಮಧ್ಯದಿಂದ ಡಿಸೆಂಬರ್ 26ರವರೆಗೆ ಸಂತೆ ಇರುತ್ತೆ. ಸಾಲ್ಜ್‌ಬರ್ಗ್‌ನದು ಇನ್ನೂ ಚಂದ, ದೊಡ್ಡ ಚರ್ಚಿನ ಎದುರು, ತಲೆ ಎತ್ತಿದ್ರೆ ಬೆಟ್ಟದ ಮೇಲೆ ಕೋಟೆ. ಆ ಕೋಟೆಗೆ ಹಳಿ ಮೇಲೆ ಎಳೆಯೋ ಗಾಡಿ 1892ರಿಂದ ಇದೆ, ನಿಮ್ಮಮ್ಮ ಮೆಟ್ಟಿಲು ಹತ್ತಬೇಕಿಲ್ಲ. ಬೀದಿಯಲ್ಲಿ ಕೆಂಡದ ಮೇಲೆ ಹುರಿದ ಚೆಸ್ಟ್‌ನಟ್ ಪೊಟ್ಟಣ ಕಟ್ಟಿಕೊಡ್ತಾರೆ. ನನಗಂತೂ ನಮ್ಮೂರ ಬಸ್‌ಸ್ಟ್ಯಾಂಡಿನ ಬಿಸಿ ಕಡಲೇಕಾಯಿ ನೆನಪಾಗುತ್ತೆ.

ಡಿಸೆಂಬರ್ 5ರ ಸಂಜೆ ಅಲ್ಲಿದ್ದರೆ ಕ್ರಾಂಪಸ್ ವೇಷ ನೋಡಬಹುದು. ಕೊಂಬು, ಮರದ ಮುಖವಾಡ, ಸೊಂಟಕ್ಕೆ ಗಂಟೆ. ನಿಮ್ಮ ಕಡೆ ಸೋಮನ ಕುಣಿತ ನೋಡಿದ ಮಗು ಹೆದರಲ್ಲ ಬಿಡಿ.

ಹಾಲ್‌ಸ್ಟಾಟ್‌ಗೆ ಹೋಗಿ. ರೈಲು ಸ್ಟೇಷನ್ ಕೆರೆಯ ಈ ದಡದಲ್ಲಿ, ಊರು ಆ ದಡದಲ್ಲಿ, ನಡುವೆ ದೋಣಿ. ದೋಣಿಯಿಂದ ಕಾಣೋ ಊರೇ ಸಾಕು.

ಕೋಲಾರದ ಅಕ್ಕ

ಚಿಂತಾಮಣಿ ತಮ್ಮ ಹೇಳಿದ್ದು ಅವನ ವಯಸ್ಸಿಗೆ ಸರಿ. ಅರವತ್ತೊಂಬತ್ತರ ಅಮ್ಮನಿಗೆ ನಾನು ಬೇರೆ ಹೇಳ್ತೀನಿ. ನಮ್ಮೆಜಮಾನರ ಕೆಲಸದ ಮೇಲೆ ಇನ್ಸ್‌ಬ್ರುಕ್‌ನಲ್ಲಿ ಮೂರು ಚಳಿಗಾಲ ಕಳೆದಿದ್ದೀನಿ.

ಮೊದಲನೇ ವರ್ಷ ನಮ್ಮತ್ತೆಯನ್ನ ಕೋಲಾರದಿಂದ ಡಿಸೆಂಬರ್‌ನಲ್ಲೇ ಕರೆಸಿಕೊಂಡೆ. ಮೊದಲು ನಾಲ್ಕು ದಿನ ವಿಯೆನ್ನಾ. ಒಂದು ಚೂರು ಹಿಮ ಬೀಳಲಿಲ್ಲ, ಬರೀ ಜಿಟಿ ಜಿಟಿ ಮಳೆ. ಬೆಳಗಾಗೋದು ಏಳೂ ಮುಕ್ಕಾಲಿಗೆ, ಸಂಜೆ ನಾಲ್ಕಕ್ಕೆಲ್ಲಾ ಕತ್ತಲು. ಅತ್ತೆ ಕಿಟಕಿ ಪಕ್ಕ ಕೂತು ‘ಇಲ್ಲಿ ಸೂರ್ಯನಿಗೆ ಏನಾಗಿದೆ’ ಅಂದದ್ದು ಇವತ್ತಿಗೂ ಮನಸ್ಸಿನಲ್ಲಿದೆ. ವಿಯೆನ್ನಾ ಇರೋದೇ 170 ಮೀಟರ್ ಎತ್ತರದಲ್ಲಿ, ಅಲ್ಲಿ ಹಿಮ ಬಿದ್ದರೆ ಅದೃಷ್ಟ. ಹಿಮ ಬೇಕು ಅಂದ್ರೆ ಎತ್ತರಕ್ಕೆ ಹೋಗಬೇಕು, ಡಿಸೆಂಬರ್ ಕಳೀಬೇಕು. ಜನವರಿ ಮಧ್ಯಕ್ಕೆ ಹಗಲು ಸ್ವಲ್ಪ ಉದ್ದ ಆಗಿರುತ್ತೆ, ಬೆಟ್ಟದ ಮೇಲೆ ಹಿಮ ಗಟ್ಟಿಯಾಗಿ ಕೂತಿರುತ್ತೆ, 6ನೇ ತಾರೀಖಿನ ಹಬ್ಬ ಮುಗಿದ ಮೇಲೆ ರೂಮಿನ ಬಾಡಿಗೆನೂ ಇಳಿಯುತ್ತೆ. ಡಿಸೆಂಬರ್ 24ರ ಮಧ್ಯಾಹ್ನದಿಂದ 26ರವರೆಗೆ ಅಂಗಡಿ ಮುಚ್ಚಿರುತ್ತವೆ, ಸಾಮಾನು ತಂದಿಟ್ಟುಕೊಳ್ಳದೆ ಹೋದವರು ಪರದಾಡೋದನ್ನ ನೋಡಿದ್ದೀನಿ.

ಹಾಗಾಗಿ ಇನ್ಸ್‌ಬ್ರುಕ್ ಇಟ್ಟುಕೊಳ್ಳಿ, ನಾಲ್ಕು ರಾತ್ರಿ. ಹಳೇ ಪೇಟೆಯ ಪಕ್ಕದಿಂದಲೇ ಹಳಿಯ ಮೇಲೆ ಎಳೆಯೋ ಗಾಡಿ ಹೊರಡುತ್ತೆ, 2007ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಜಹಾ ಹದೀದ್ ಅವರ ವಿನ್ಯಾಸದ ಸ್ಟೇಷನ್‌ಗಳು. ಅಲ್ಲಿಂದ ಕೇಬಲ್ ಕಾರಿನಲ್ಲಿ ಸೇಗ್ರೂಬೆ, 1,905 ಮೀಟರ್. ನಂದಿಬೆಟ್ಟದ ಮೇಲೆ ಇನ್ನೊಂದು 400 ಮೀಟರ್ ಇಟ್ಟ ಹಾಗೆ. ಕಾಲಿಗೆ ಕೆಲಸವೇ ಇಲ್ಲ. ಮೇಲೆ ಹೋಟೆಲ್ ಇದೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತು ಎದುರಿನ ಬೆಟ್ಟಸಾಲು ನೋಡಬಹುದು. ನಮ್ಮತ್ತೆ ಅಲ್ಲಿ ಎರಡು ಗಂಟೆ ಕೂತರು, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಒಂದು ಎಚ್ಚರಿಕೆ: ದಕ್ಷಿಣದಿಂದ ಫೋನ್ (Föhn) ಅನ್ನೋ ಬೆಚ್ಚಗಿನ ಒಣಗಾಳಿ ಬೀಸಿದ್ರೆ ಕಣಿವೆಯಲ್ಲಿ ಹಿಮ ಒಂದೇ ದಿನಕ್ಕೆ ಕರಗುತ್ತೆ. ನೀವು ಪಾಠ ಮಾಡಿರ್ತೀರಿ, ಅದೇ ಗಾಳಿ. ಆಗ ಊರಲ್ಲಿ ಕೂರದೆ ಮೇಲಕ್ಕೆ ಹೋಗಿ.

ಹಾಲ್‌ಸ್ಟಾಟ್ ಈ ಸಲ ಬಿಡಿ. ಮೂರು ಸಾವಿರ ವರ್ಷಕ್ಕೂ ಹಳೇ ಉಪ್ಪಿನ ಗಣಿ, ಕ್ರಿಸ್ತಪೂರ್ವ 14ನೇ ಶತಮಾನದ ಮರದ ಮೆಟ್ಟಿಲುಸಾಲು ಸಿಕ್ಕ ಜಾಗ, ದೊಡ್ಡ ವಿಷಯವೇ. ಆದರೆ ಊರೆಲ್ಲಾ ಮೆಟ್ಟಿಲು, ಚಳಿಗಾಲದಲ್ಲಿ ಬೆಟ್ಟದ ನೆರಳು. ಗ್ರಾಝ್ ಕೂಡ ಬೇಡ.

ಶೂ ವಿಷಯದಲ್ಲಿ ಉಳಿತಾಯ ಮಾಡಬೇಡಿ. ನಮ್ಮತ್ತೆ ಮಾಮೂಲಿ ಸ್ಪೋರ್ಟ್ಸ್ ಶೂನಲ್ಲಿ ಫುಟ್‌ಪಾತ್ ಮೇಲಿನ ಗಾಜಿನಂಥ ಮಂಜುಗಡ್ಡೆ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ತಪ್ಪು ನನ್ನದು, ನಾನೇ ಹೇಳಬೇಕಿತ್ತು. ವೀಸಾಗೆ 30,000 ಯೂರೋ ವಿಮೆ ಕಡ್ಡಾಯ, ಅದನ್ನ ಕಾಗದಕ್ಕಾಗಿ ಮಾಡಿಸಬೇಡಿ, ಅಮ್ಮನ ಹಳೇ ಕಾಯಿಲೆಗಳಿಗೂ ಅನ್ವಯಿಸುತ್ತಾ ಅಂತ ಓದಿ ಮಾಡಿಸಿ. ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, ಆರು ತುಂಬಿ ಹನ್ನೆರಡರೊಳಗಿನ ಮಕ್ಕಳಿಗೆ 45.

ಊಟಕ್ಕೆ ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡಿಯಿರಿ. ಅವಲಕ್ಕಿ, ಹುಳಿಪುಡಿ, ರಾಗಿಹಿಟ್ಟು ಒಯ್ಯಬಹುದು. ತುಪ್ಪ, ಹಾಲಿನ ಸಿಹಿ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ಯುರೋಪಿನೊಳಗೆ ತರೋ ಹಾಗಿಲ್ಲ. ದುಬೈ ಮೇಲೆ ಹೋಗೋದಾದ್ರೆ ಮಸಾಲೆಯಲ್ಲಿ ಒಂದು ಕಾಳು ಗಸಗಸೆನೂ ಇರಬಾರದು, ಅಲ್ಲಿ ಅದು ನಿಷೇಧ. ತಿಪಟೂರಿನವರಿಗೆ ಇನ್ನೊಂದು ಮಾತು: ಚೆಕ್-ಇನ್ ಬ್ಯಾಗಿನಲ್ಲಿ ಒಣಕೊಬ್ಬರಿ ಇಡಬೇಡಿ, ಎಣ್ಣೆ ಇರೋದರಿಂದ ಬೆಂಕಿ ಹತ್ತೋ ವಸ್ತು ಅಂತ ತೆಗೆಸ್ತಾರೆ. ಅಲ್ಲಿ ಗೆರ್ಮ್‌ಕ್ನ್ಯೋಡೆಲ್ ಅಂತ ಸಿಗುತ್ತೆ, ಹಬೆಯಲ್ಲಿ ಬೇಯಿಸಿದ ದೊಡ್ಡ ಕಡುಬು, ಒಳಗೆ ಪ್ಲಮ್ ಹೂರಣ, ಮೇಲೆ ಗಸಗಸೆ. ಆದರೆ ಹಿಟ್ಟಿಗೆ ಎಷ್ಟೋ ಕಡೆ ಮೊಟ್ಟೆ ಹಾಕ್ತಾರೆ, ಕೇಳಿಯೇ ಅಮ್ಮನಿಗೆ ಕೊಡಿ.

ವಿಯೆನ್ನಾದಲ್ಲಿ ನೀರಿನ ಬಾಟಲಿಗೆ ದುಡ್ಡು ಹಾಕಬೇಡಿ. 1873ರಿಂದ ಆಲ್ಪ್ಸ್‌ನ ಊಟೆ ನೀರು ಪಂಪಿಲ್ಲದೆ ಇಳಿಜಾರಿನಲ್ಲೇ ಹರಿದು ಊರಿನ ನಲ್ಲಿಗೆ ಬರುತ್ತೆ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿಸಿಕೊಂಡ ಜಿಲ್ಲೆಯವಳು ನಾನು. ಆ ನಲ್ಲಿ ಕೆಳಗೆ ಕೈ ಹಿಡಿದು ಮೊದಲ ಸಲ ಕುಡಿದಾಗ ಅಳು ಬಂತು.

ತಿಪಟೂರು ಮೇಷ್ಟ್ರು

ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಏನು ಹೇಳಲಿ. ಜನವರಿ ಅಂದ್ರೆ ಒಂದೇ ತೊಡಕು, ಅಮ್ಮ ಸಂಕ್ರಾಂತಿಗೆ ಮನೆ ಬಿಟ್ಟು ಬರಲ್ಲ. ಎಳ್ಳು ಬೀರಿ ಮೂರನೇ ದಿನ ಹೊರಟರೆ ಆಗುತ್ತೆ. ಪ್ರಿನ್ಸಿಪಾಲರನ್ನ ಕೇಳಿದೆ, ಪೋರ್ಷನ್ ಮುಗಿಸಿದ್ದೀರಲ್ಲ, ಗಳಿಕೆ ರಜೆ ತಗೊಳ್ಳಿ ಅಂದರು. ಇಲಾಖೆಯ ಎನ್‌ಒಸಿಗೆ ಅರ್ಜಿ ಹಾಕ್ತೀನಿ. ಚಿಂತಾಮಣಿ ತಮ್ಮ, ಸಂತೆ ತಪ್ಪಿಹೋಗೋದಕ್ಕೆ ಮಗಳಿಗೆ ಬೇಜಾರಾಗಿದೆ, ನಿಜ. ಸಾಲ್ಜ್‌ಬರ್ಗ್ ಬಗ್ಗೆ ಇನ್ನೂ ಯೋಚನೆ ಮಾಡ್ತಿದ್ದೀನಿ.

ಕೆಜಿಎಫ್ ಹಿರಿಯ

ಮೇಷ್ಟ್ರೇ, ನಿಮ್ಮ ಫೋಟೋ ನೋಡಿ ಅಲಮಾರು ತೆರೆದು ಒಂದು ನೋಟು ಹುಡುಕಿದೆ. ಅದಕ್ಕೇ ಉತ್ತರ ತಡವಾಯಿತು.

ನಾನು ಚಾಂಪಿಯನ್ ರೀಫ್ ಗಣಿಯಲ್ಲಿ ಎಂಜಿನಿಯರ್ ಆಗಿದ್ದವನು. 1984ರಲ್ಲಿ ಆಸ್ಟ್ರಿಯಾದ ಲಿಯೋಬೆನ್‌ಗೆ, ಅಲ್ಲಿನ ಗಣಿ ವಿಶ್ವವಿದ್ಯಾಲಯಕ್ಕೆ, ಕೆಲವು ತಿಂಗಳು ತರಬೇತಿಗೆ ಹೋಗಿದ್ದೆ. ವಿಯೆನ್ನಾದಿಂದ ಲಿಯೋಬೆನ್‌ಗೆ ಹೋಗುವ ರೈಲು ಸೆಮ್ಮರಿಂಗ್ ಘಾಟಿ ಹತ್ತಿ ಇಳಿಯುತ್ತದೆ. ಆಗಿನ 20 ಶಿಲ್ಲಿಂಗ್ ನೋಟಿನ ಹಿಂಭಾಗದಲ್ಲಿ ಆ ಘಾಟಿಯ ಸೇತುವೆಯದೇ ಚಿತ್ರ. ಒಂದು ನೋಟು ತಂದಿಟ್ಟುಕೊಂಡಿದ್ದೆ. ನಿಮ್ಮ ಟ್ರಂಕಿನ ಚಿತ್ರವನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಕಮಾನು ಎಣಿಸಿದೆ. ಅದೇ. ಕಾಲ್ಟೆ ರಿನ್ನೆ ಸೇತುವೆ. ಉದ್ದ 184 ಮೀಟರ್, ಎತ್ತರ 46 ಮೀಟರ್.

ಆ ದಾರಿ ಕಟ್ಟಿಸಿದವರು ಕಾರ್ಲ್ ಫಾನ್ ಗೇಗಾ, ನೋಟಿನ ಮುಂಭಾಗದಲ್ಲಿರುವುದು ಅವರ ಮುಖ. 1848ರಲ್ಲಿ ಶುರು, 1854ರಲ್ಲಿ ಮುಗಿಯಿತು. 41 ಕಿಲೋಮೀಟರ್. ಡೈನಮೈಟ್ ಬಂದದ್ದು 1867ರಲ್ಲಿ. ಅದಕ್ಕೂ ಮೊದಲು ಇಷ್ಟು ಸುರಂಗ ಕೊರೆದಿದ್ದಾರೆ ಎಂದರೆ ಕರಿಮದ್ದು, ಉಳಿ, ಸುತ್ತಿಗೆ, ಮನುಷ್ಯರ ಕೈ. ಕಾಲರಾ, ಟೈಫಸ್ ಬಂದು ನೂರಾರು ಕೂಲಿಗಳು ಅಲ್ಲೇ ಸತ್ತರು. ಭೂಮಿಯೊಳಗೆ ಮೂರು ಕಿಲೋಮೀಟರ್ ಇಳಿದು ಕೆಲಸ ಮಾಡಿದವರ ಊರಿನವನು ನಾನು, ನನಗೆ ಆ ಸುರಂಗದ ಗೋಡೆ ನೋಡಿದರೆ ಸಾಕು, ಒಳಗಿದ್ದವರು ಕಾಣುತ್ತಾರೆ. 1998ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಗೆ ಸೇರಿಸಿತು.

ವಿಯೆನ್ನಾದಿಂದ ಬೆಳಿಗ್ಗೆ ಹೊರಡಿ, ಪಾಯರ್‌ಬಾಖ್-ರೈಖೆನೌ ಸ್ಟೇಷನ್ನಿನಲ್ಲಿ ಇಳಿದು ಲೋಕಲ್ ರೈಲು ಹಿಡಿಯಿರಿ. ಬ್ರೈಟೆನ್‌ಸ್ಟೈನ್ ದಾಟಿದ ಮೇಲೆ ಈ ಸೇತುವೆ ಬರುತ್ತದೆ. ಬಾಗಿರುವುದರಿಂದ ಕಿಟಕಿಯಿಂದಲೇ ಕಮಾನು ಕಾಣುತ್ತದೆ. ನೋಟಿನ ಚಿತ್ರ ಕಾಣುವ ಜಾಗಕ್ಕೆ ಕಾಲುದಾರಿ ಇದೆ, ಹಿಮದಲ್ಲಿ ತಾಯಿಯವರನ್ನು ನಡೆಸಬೇಡಿ, ನೀವು ಮಗಳ ಜೊತೆ ಹೋಗಿ ಬನ್ನಿ. ಸೆಮ್ಮರಿಂಗ್ ಸ್ಟೇಷನ್ ಸುಮಾರು 900 ಮೀಟರ್, ನಿಮ್ಮ ತುಮಕೂರಿಗಿಂತ ಹೆಚ್ಚೇನೂ ಎತ್ತರವಲ್ಲ. ಜನವರಿಯಲ್ಲಿ ಸಾಮಾನ್ಯವಾಗಿ ಹಿಮ ಇರುತ್ತದೆ, ಊರಿನ ಪಕ್ಕದ ಹಿರ್ಷೆನ್‌ಕೋಗೆಲ್ ಬೆಟ್ಟಕ್ಕೆ ಕೇಬಲ್ ಕಾರೂ ಇದೆ. ಘಾಟಿಯ ಅಡಿಯಲ್ಲಿ 27 ಕಿಲೋಮೀಟರಿನ ಹೊಸ ಸುರಂಗ ನಿರ್ಮಿಸುತ್ತಿದ್ದಾರೆ, ಕೊರೆಯುವ ಕೆಲಸ 2024ರಲ್ಲೇ ಮುಗಿದಿದೆ. ಅದು ತೆರೆದ ಮೇಲೆ ದೂರದ ರೈಲುಗಳು ಕೆಳಗಿನಿಂದಲೇ ಹೋಗುತ್ತವೆ. ಈಗಲೇ ಹೋಗಿ ಬನ್ನಿ.

ತಿಪಟೂರು ಮೇಷ್ಟ್ರು

ಸರ್, ನಿಮ್ಮ ಉತ್ತರವನ್ನ ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ನೀವು ಕಳಿಸಿದ ನೋಟಿನ ಫೋಟೋ ಮಗಳು ದೊಡ್ಡದು ಮಾಡಿ ತೋರಿಸಿದಳು. ಅಮ್ಮ ಟ್ರಂಕಿನ ಪಕ್ಕ ನೆಲದ ಮೇಲೆ ಕೂತು ಎರಡನ್ನೂ ನೋಡಿದರು.

ಸಾಲ್ಜ್‌ಬರ್ಗ್ ಬಿಟ್ಟೆ. ವಿಯೆನ್ನಾ ಎರಡು ರಾತ್ರಿ, ಸೆಮ್ಮರಿಂಗ್ ಎರಡು, ಇನ್ಸ್‌ಬ್ರುಕ್ ನಾಲ್ಕು. ಏಜೆಂಟರಿಗೆ ಹೇಳಿಯಾಯ್ತು. ಭಾನುವಾರ ಅಮ್ಮನಿಗೆ ಶೂ ತಗೊಳ್ಳೋಕೆ ಬೆಂಗಳೂರಿಗೆ ಹೋಗ್ತೀವಿ. ಈಗಿನಿಂದಲೇ ಮನೆ ಮುಂದೆ ಹಾಕಿಕೊಂಡು ನಡೆದು ಅಭ್ಯಾಸ ಮಾಡಿಸ್ತೀನಿ.

ಅಮ್ಮ ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ಹಿಮ ಬಿದ್ದಾಗ ಆ ಸೇತುವೆ ಮೇಲೆ ಹಳಿ ನೋಡೋಕೆ ಗ್ಯಾಂಗ್‌ನವರು ರಾತ್ರಿ ಹೊತ್ತು ಹೇಗೆ ನಡೀತಿದ್ದರು, ಕೈಗೆ ಏನು ಹಾಕ್ಕೋತಿದ್ದರು ಅಂತ. ಸರ್, ಅಲ್ಲಿದ್ದಾಗ ನೀವು ನೋಡಿದ್ದರೆ ಬರೀರಿ. ಓದಿ ಹೇಳ್ತೀನಿ.