ನೆತ್ತಿಯಿಂದ ಬಾಚಣಿಗೆ ಹಾಕ್ಬೇಡ ಮಗಾ

ಮಗಾ, ಗ್ರೂಪಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಬೆಳಗಿನಿಂದ ಕರೆಂಟಿಲ್ಲ, ಮಳೆಗೆ ಟವರೂ ಹೋಗಿತ್ತು. ಪುಟ್ಟಿ ಬಾಚಣಿಗೆ ಕಂಡ್ರೆ ಮಂಚದ ಕೆಳಗೆ ಹೋಗಿ ಕೂರ್ತಾಳೆ, ಸ್ಕೂಲ್ ವ್ಯಾನ್ ಬರೋ ಹೊತ್ತಿಗೆ ಅವಳೂ ಅಳ್ತಾಳೆ ನೀನೂ ಅಳ್ತೀಯ, ಸಿಕ್ಕು ಬಿಡಿಸೋ ಬದಲು ಕೂದಲು ಪೂರ್ತಿ ತೆಗೆಸಿಬಿಡ್ಲಾ ಅಂತ ಕೇಳಿದ್ದೀಯ. ಟೈಪ್ ಮಾಡಕ್ಕೆ ನನಗೆ ಕಣ್ಣು ಸಾಲಲ್ಲ, ಮಾತಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಮಧ್ಯಕ್ಕೆ ಬಿಡದೆ ಪೂರ್ತಿ ಕೇಳು.

ತೆಗೆಸ್ಬೇಡ. ಆ ಗುಂಗುರು ಎಲ್ಲಿಂದ ಬಂದಿದ್ದು ಅಂತ ಎಲ್ಲರಿಗೂ ಗೊತ್ತಲ್ಲ, ಮೇಲ್ಮನೆ ಅಜ್ಜಿದು, ಹಾಗ್ಹಾಗೇ ಇಳಿದಿದೆ. ನಿಂದು ನಮ್ಮ ಕಡೆಯ ನೆಟ್ಟಗಿನ ಕೂದಲು. ನಿನ್ನ ತಲೆ ಬಾಚ್ಕೊಂಡ ಹಾಗೆ ಅವಳದ್ದು ಬಾಚಕ್ಕಾಗಲ್ಲ. ಮೊದಲು ಇದೊಂದು ಕೇಳು: ನೆತ್ತಿಯಿಂದ ಬಾಚಣಿಗೆ ಹಾಕಿ ಕೆಳಕ್ಕೆ ಎಳೀಬೇಡ. ಎಷ್ಟೇ ಹೊತ್ತಾಗಿರ್ಲಿ, ಹೊರಗೆ ವ್ಯಾನ್‌ನವನು ಹಾರ್ನ್ ಹೊಡೀತಿರ್ಲಿ, ಎಳೀಬೇಡ.

ನಿಮ್ಮ ಚಿಕ್ಕಮ್ಮನ್ನ ನೀವೆಲ್ಲ ಬಾಯ್‌ಕಟ್‌ನಲ್ಲೇ ನೋಡಿದ್ದೀರಿ. ಫ್ಯಾಷನ್ ಅಂದ್ಕೊಂಡಿದ್ದೀರಿ. ಅವಳಿಗೆ 5-6 ವರ್ಷ ಇರಬೇಕು ಆಗ, ಕಕ್ಕಡ ತಿಂಗಳ ಮಳೆ. ಭಾಗಮಂಡಲದಲ್ಲಿ ಕಾವೇರಿ ಹೊಳೆ ರಸ್ತೆ ಮೇಲೆ ಬಂದು ಬಸ್ ನಿಂತ್ರೆ ನಿಂತೇ ಹೋಯ್ತು. ಐನ್‌ಮನೇಲಿ, ಹಿರಿಯರ ಆ ಮೂಲ ಮನೇಲಿ, ಉಟ್ಟ ಬಟ್ಟೇನೇ ಒಣಗ್ತಿರಲಿಲ್ಲ, ಕೂದಲು ಎಲ್ಲಿ ಒಣಗ್ಬೇಕು? ತಲೆಗೆ ನೀರು ಹಾಕಿದ ದಿನ ಅವ್ವ ನಮ್ಮಿಬ್ಬರನ್ನೂ ಒಲೆ ಮುಂದೆ ಕೂರಿಸಿ, ಕೂದಲು ಬಿಡಿಸಿ ಬಿಡಿಸಿ ಒಣಗಿಸ್ತಿದ್ಳು. ಆ ಸಲ ಅವ್ವ ನಾಟಿಗೆ ಗದ್ದೆಗೆ ಇಳಿದಿದ್ದಳು. ಮನೇಲಿ ಬಂದು ಇದ್ದ ನೆಂಟರ ಹೆಂಗಸೊಬ್ಬರು, ಹೆಸರು ಬೇಡ, ಈಗಿಲ್ಲ ಅವರು, ಮಗುವಿನ ಒದ್ದೆ ಕೂದಲಿಗೇ ಬಿಗಿಯಾಗಿ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿಬಿಟ್ರು. ನಾಟಿ ಮುಗಿಯೋ ತನಕ ಯಾರೂ ಬಿಚ್ಚಲಿಲ್ಲ.

ಬಿಚ್ಚಿದ್ರೆ ಒಳಗೆ ಜಡೆ ಎಲ್ಲಿದೆ? ತೆಂಗಿನ ನಾರು ಉಂಡೆ ಕಟ್ಟಿದ ಹಾಗಿತ್ತು, ಮುಗ್ಗುಲು ವಾಸನೆ ಬೇರೆ. ನಿಧಾನಕ್ಕೆ ಕೂತು ಬಿಡಿಸಿದ್ರೆ ಆಗ್ತಿತ್ತು, ಒಂದು ಸಂಜೆ ಹಿಡೀತಿತ್ತು ಅಷ್ಟೇ. ಅವರು ಹೇನಿನ ಬಾಚಣಿಗೆ ತಗೊಂಡು ನೆತ್ತಿಯಿಂದ ಎಳೆದ್ರು. ಎಳೆದಷ್ಟೂ ಮೇಲಿನ ಸಿಕ್ಕೆಲ್ಲ ಕೆಳಗೆ ಹೋಗಿ ಒಂದೇ ಕಡೆ ಕೂರುತ್ತೆ, ಗಂಟು ಇನ್ನೂ ಬಿಗಿಯುತ್ತೆ. ನಾನು ಸೀಮೆಎಣ್ಣೆ ದೀಪ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ಅವಳು ಕಿರುಚಲಿಲ್ಲ ಮಗಾ. ಕಿಟಕಿ ಸರಳು ಹಿಡ್ಕೊಂಡು ನಿಂತಿದ್ಳು, ಬೆರಳೆಲ್ಲ ಬೆಳ್ಳಗಾಗಿತ್ತು. ಕೊನೆಗೆ ಆಗಲ್ಲ ಅಂತ ಕತ್ತರಿ ತಂದು ಕತ್ತಿನ ಹತ್ತಿರ ಗಂಟಿನ ಸಮೇತ ಕತ್ತರಿಸಿಬಿಟ್ರು.

ಕೂದಲು ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಬೆಳೆಯುತ್ತೆ. 30 ಸೆಂಟಿಮೀಟರ್ ಜಡೆ ಬರಬೇಕಾದ್ರೆ ಎರಡೂವರೆ ವರ್ಷ. ಅದಾದ್ರೂ ಬರ್ತಿತ್ತು, ಅವಳೇ ಬಿಡಲಿಲ್ಲ. ಕುತ್ತಿಗೆ ಮುಟ್ಟೋಷ್ಟು ಬೆಳೆದ ಕೂಡ್ಲೇ ಕತ್ತರಿಸಿ ಅಂತ ಹಠ. ಮದುವೆ ದಿವಸ ಮಲ್ಲಿಗೆ ಮುಡಿಸಕ್ಕೆ ಹೋದ್ರೆ ಎರಡೂ ಕೈ ಕತ್ತಿನ ಹಿಂದೆ ಇಟ್ಕೊಂಡು ಕೂತಳು, ಅಷ್ಟು ದೊಡ್ಡ ಹೆಣ್ಣು. ಮುಡಿಸಕ್ಕೆ ಬಂದವರಿಗೆ ಏನು ಗೊತ್ತು, ನಾಚಿಕೆ ಅಂದ್ಕೊಂಡು ನಕ್ಕರು. ನನಗೆ ಗೊತ್ತಿತ್ತು. ಅದಕ್ಕೇ ಮತ್ತೆ ಹೇಳ್ತಿದ್ದೀನಿ, ನೆತ್ತಿಯಿಂದ ಬಾಚಣಿಗೆ ಹಾಕ್ಬೇಡ, ಮಗು ಮನಸ್ಸಲ್ಲಿ ಅದು ಉಳಿದುಬಿಡುತ್ತೆ.

ಅವ್ವ ಆಮೇಲೆ ನಮ್ಮ ತಲೆ ಬೇರೆ ಯಾರ ಕೈಗೂ ಕೊಡಲಿಲ್ಲ. ದಾಸವಾಳದ ಸೊಪ್ಪು ನೀರಲ್ಲಿ ಕಿವುಚಿ ಲೋಳೆ ತೆಗೆದು ಹಚ್ತಿದ್ಳು, ಸಿಕ್ಕು ತಾನಾಗೇ ಜಾರ್ತಿತ್ತು. ಆ ದಾಸವಾಳ ಈಗೆಲ್ಲಿದೆ? ಗೇಟಿಂದ ಕಣದ ತನಕ ಬೇಲಿ ಇತ್ತು, ಅವ್ವ ಕೈಯಾರೆ ನೆಟ್ಟಿದ್ದು. ಹೋಮ್‌ಸ್ಟೇಗೆ ಬರೋರ ಕಾರು ತಿರುಗಿಸಕ್ಕೆ ಜಾಗ ಬೇಕು ಅಂತ ಬುಡಸಮೇತ ಕಿತ್ತು ಹಾಕಿದ್ರಲ್ಲ, ನನ್ನನ್ನ ಒಂದು ಮಾತು ಕೇಳಿದ್ರಾ? ನಾನು ಆಸ್ಪತ್ರೆಯಿಂದ ಬರೋ ಹೊತ್ತಿಗೆ ಜಲ್ಲಿ ಹಾಸಿ ಆಗಿತ್ತು. ಈಗ ಅಲ್ಲಿ ಕುಂಡದಲ್ಲಿ ಹೆಸರೇ ಗೊತ್ತಿಲ್ಲದ ಗಿಡ, ಹೂವೂ ಬಿಡಲ್ಲ, ಸೊಪ್ಪೂ ಬರಲ್ಲ. ಹುತ್ತರಿ ಹಬ್ಬಕ್ಕೆ ಬಂದವರು ಅದರ ಮುಂದೆ ನಿಂತು ಫೋಟೋ ತೆಗೀತಾರೆ, ಆಮೇಲೆ ನನ್ನ ಹತ್ರಾನೇ ದೊಡ್ಡಮ್ಮ ದಾಸವಾಳದ ಪುಡಿ ಅಂಗಡೀಲಿ ಯಾವುದು ಒಳ್ಳೇದು ಅಂತ ಕೇಳ್ತಾರೆ. ಯಾರಿಗೆ ಹೇಳ್ತಿದ್ದೀನಿ ಅಂತ ಅವರಿಗೆ ಗೊತ್ತು, ಈ ಗ್ರೂಪಲ್ಲೇ ಇದ್ದಾರೆ. ನನಗೆ ತುಂಬಾ ನೋವಾಗಿದೆ, ಹೇಳ್ದೆ ಇರಕ್ಕಾಗಲ್ಲ.

ಅಯ್ಯೋ, ಸಿಕ್ಕು ಹೇಗೆ ಬಿಡಿಸೋದು ಅಂತ ಹೇಳ್ಬೇಕಿತ್ತು ಅಲ್ವಾ.

ಬೆಳಿಗ್ಗೆ ಬೇಡ, ರಾತ್ರಿ ಊಟ ಆದ್ಮೇಲೆ ಮಾಡು. ಗುಂಗುರು ಕೂದಲು ಒಣಗಿರೋವಾಗ ಬಾಚಣಿಗೆ ತಾಗಿಸ್ಲೇಬೇಡ. ನೀರಿಗೆ ಸ್ವಲ್ಪ ಕಂಡಿಷನರ್ ಕಲಸಿ ಸ್ಪ್ರೇ ಬಾಟಲಲ್ಲಿ ಹಾಕಿ ತೇವ ಮಾಡ್ಕೋ. ಇಲ್ದಿದ್ರೆ ಕೊಬ್ಬರಿ ಎಣ್ಣೆ ಅಂಗೈಗೆ ಹಾಕಿ ತುದಿಗೆ ಸವರು. ಬರೀ ನೀರಲ್ಲಿ ನೆನೆದ ಕೂದಲು ರಬ್ಬರ್ ಥರ ಹಿಗ್ಗಿ ಬೇಗ ತುಂಡಾಗುತ್ತೆ, ಅದಕ್ಕೇ ಜಾರಕ್ಕೆ ಏನಾದ್ರೂ ಬೇಕು. ನಾಲ್ಕು ಭಾಗ ಮಾಡಿ ಮೂರಕ್ಕೆ ಕ್ಲಿಪ್ ಹಾಕು. ಒಂದು ಭಾಗ ತಗೊಂಡು, ಗಂಟಿನ ಮೇಲ್ಗಡೆ ಎಡಗೈಯಲ್ಲಿ ಗಟ್ಟಿಯಾಗಿ ಹಿಡ್ಕೋ. ಎಳೆತ ನಿನ್ನ ಕೈಗೆ ಬರುತ್ತೆ, ಅವಳ ತಲೆಗೆ ಹೋಗಲ್ಲ, ನೋವಾಗದೇ ಇರೋದು ಅದ್ರಿಂದಾನೇ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯ ಎರಡು ಬೆರಳಷ್ಟು ಬಾಚು, ಸಲೀಸಾದ ಮೇಲೆ ಸ್ವಲ್ಪ ಮೇಲೆ ಹೋಗು, ಹಾಗೇ ಹತ್ತು. ಬಿಡದ ಗಂಟಿಗೆ ಎಣ್ಣೆ ಹಾಕಿ ಬೆರಳಲ್ಲಿ ಅಗಲಿಸು. ಅವಳ ಕೈಗೆ ಇನ್ನೊಂದು ಬಾಚಣಿಗೆ ಕೊಡು, ಗೊಂಬೆಗೋ ನಿನ್ನ ಜಡೆಗೋ ಬಾಚ್ತಿರ್ಲಿ. ಸಾಕು ಅಂದ್ರೆ ನಿಲ್ಲಿಸು, ಉಳಿದಿದ್ದು ನಾಳೆ.

ಮಲಗೋವಾಗ ಸಡಿಲವಾಗಿ ಜಡೆ ಹಾಕು, ಪೂರ್ತಿ ಒಣಗಿದ ಮೇಲೆ. ಬಿಗಿ ಹಾಕಿದ್ರೆ ಹಣೆ ಅಂಚಿನ ಕೂದಲು ಎಳೆತಕ್ಕೇ ಉದುರುತ್ತೆ. ದಿನಾ ಬಿಚ್ಚಿ ಹಾಕು, ಇಲ್ದಿದ್ರೆ ಉದುರಿದ ಕೂದಲು ಒಳಗೇ ಉಳಿದು ಉಳಿದದ್ದಕ್ಕೆ ಸುತ್ತಿಕೊಳ್ಳುತ್ತೆ. ದಿಂಬಿಗೆ ಹಳೇ ರೇಷ್ಮೆ ಸೀರೆ ತುಂಡು ಸುತ್ತು, ಕಾಟನ್ ಉಜ್ಜಿ ಸಿಕ್ಕಾಗುತ್ತೆ. ತಲೆ ಕೆರ್ಕೊಳ್ತಿದ್ರೆ ಹೇನಿದೆಯಾ ನೋಡು, ಆದ್ರೆ ಹೇನಿನ ಬಾಚಣಿಗೆ ಸಿಕ್ಕು ಬಿಡಿಸಿದ ಮೇಲೇ. ಸೀಮೆಎಣ್ಣೆ ಹಚ್ಚು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡ, ಮಗುವಿಗೆ ಅಪಾಯ.

ನಮ್ಮ ತೋಟದ ಕಾಯಿಯ ಎಣ್ಣೆ ಈ ವಾರ ಆಡಿಸಿದ್ದೀನಿ. ಶನಿವಾರ ನಿನ್ನ ಭಾವ ಮಡಿಕೇರಿಗೆ ಬರ್ತಾರೆ, ಅವರ ಕೈಲಿ ಕಳಿಸ್ತೀನಿ. ಸ್ಟೀಲ್ ಡಬ್ಬಿ ಮಾತ್ರ ಅವರ ಕೈಲೇ ವಾಪಸ್ ಕಳ್ಸು.